ಹಳ್ಳದಲ್ಲಿ ಸಿಕ್ಕಿದ ಬೇರು ಅಕ್ವೇರಿಯಂಗೆ ಹಾಕಬಹುದಾ? ಕುದಿಸೋದು, ಚೊಗರು ತೆಗೆಯೋದು, ಮುಳುಗಿಸೋದು ಹೇಗೆ?

ತೀರ್ಥಳ್ಳಿ ಟ್ಯಾಂಕ್

ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟ ಇದೆ, ತೋಟದ ಕೆಳಗೆ ಹಳ್ಳ. ಈ ಸಲ ಮಳೆ ಕಮ್ಮಿ ಆಗಿ ನೀರು ಇಳಿದ್ಮೇಲೆ ನೋಡ್ತೀನಿ, ದರೆ ಕುಸಿದ ಜಾಗದಲ್ಲಿ ಒಂದು ಹಳೇ ಬೇರಿನ ಬುಡ ಹೊರಗೆ ಬಂದು ಕೂತಿದೆ. ಮೂರ್ನಾಕು ಕವಲು, ಮಧ್ಯ ಒಂದು ಪೊಟರೆ, ಸಿಪ್ಪೆ ಎಲ್ಲಾ ಯಾವತ್ತೋ ಹೋಗಿದೆ. ಅಪ್ಪ ನೋಡಿ ಮತ್ತಿ ಅಂದ್ರು, ಚಿಕ್ಕಪ್ಪ ಹೊನ್ನೆ ಅಂತಾರೆ. ಏನೇ ಆಗ್ಲಿ, ಇಂಥ ಶೇಪ್ ಅಂಗಡಿಯಲ್ಲಿ ದುಡ್ಡು ಕೊಟ್ರೂ ಸಿಗಲ್ಲ.

ನನ್ ಹತ್ರ 3 ಅಡಿ ಟ್ಯಾಂಕ್ ಇದೆ, ನಿಯಾನ್ ಟೆಟ್ರಾ ಮೀನು ಒಂದು ಗುಂಪು, ಚೆರ್ರಿ ಶ್ರಿಂಪ್ (ಪುಟ್ಟ ಕೆಂಪು ಸಿಗಡಿ), ಸ್ವಲ್ಪ ಜಾವಾ ಮಾಸ್ (ಹಾವಸೆ ಥರದ ನೀರು ಗಿಡ). ನೀರು ನಮ್ ಬಾವಿದೇ. ಬೇರನ್ನ ತೊಳೆದು ಡ್ರಮ್ಮಿಗೆ ಹಾಕಿದ್ರೆ ತೇಲತ್ತೆ, ನೀರು ಒಂದೇ ರಾತ್ರಿಗೆ ಅಡಿಕೆ ಬೇಯಿಸಿದ ಚೊಗರಿನ ಥರ ಆಗತ್ತೆ. ಕುದಿಸ್ಬೇಕು ಅಂತ ಓದಿದ್ದೀನಿ. ಅಷ್ಟು ದೊಡ್ಡ ಪಾತ್ರೆ ಅಡುಗೆಮನೇಲಿ ಇಲ್ಲ, ಆದ್ರೆ ಅಡಿಕೆ ಬೇಯಿಸೋ ಹಳೇ ತಾಮ್ರದ ಹಂಡೆ ಅಟ್ಟದ ಮೇಲೆ ಇದೆ, ಅದ್ರಲ್ಲಿ ಹಿಡಿಯತ್ತೆ. ಎಷ್ಟು ಹೊತ್ತು ಕುದಿಸ್ಲಿ? ಉಪ್ಪು ಹಾಕ್ಬೇಕಾ? ಮುಳುಗೋಕೆ ಎಷ್ಟು ದಿನ ಬೇಕು?

ಬೆಂಗ್ಳೂರು ಪ್ಲಾಂಟೆಡ್

ಸೂಪರ್ ಪೀಸ್ ಸಿಕ್ಕಿದೆ ನಿಮ್ಗೆ. ನಾನು ಮಾಡೋ ರೀತಿ ಹೇಳ್ತೀನಿ. ಮೊದ್ಲು ಪ್ಲಾಸ್ಟಿಕ್ ಬ್ರಷ್ ತಗೊಂಡು ಬರೀ ನೀರಲ್ಲಿ ಗಸಗಸ ಉಜ್ಜಿ, ಸೋಪು, ವಿಮ್, ಸರ್ಫ್ ಯಾವ್ದೂ ಮುಟ್ಟಿಸ್ಬೇಡಿ, ಮರ ಹೀರ್ಕೊಂಡ್ರೆ ಆಮೇಲೆ ಬಿಡಿಸೋಕಾಗಲ್ಲ. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಎಲ್ಲಾ ಕಡೆ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋಗೋ ಜಾಗ ಎಲ್ಲಾ ಕೆತ್ತಿ ಬಿಸಾಕಿ, ಗಟ್ಟಿ ಕೆಚ್ಚು ಮಾತ್ರ ಉಳೀಬೇಕು. ಮೆತ್ತಗಿರೋದು ಟ್ಯಾಂಕ್ ಒಳಗೆ ಕೊಳೆಯುತ್ತೆ, ಆಕ್ಸಿಜನ್ ತಿನ್ನುತ್ತೆ, ನೀರು ಮಬ್ಬಾಗುತ್ತೆ. ಆಮೇಲೆ ಒಂದೆರಡು ಗಂಟೆ ಕುದಿಸಿ, ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕುದಿಸಿ. ನೀರು ತಿಳಿ ಆಗೋವರ್ಗೂ ರಿಪೀಟ್. ಉಪ್ಪು ಬೇಡ, ಅದ್ರಿಂದ ಏನೂ ಲಾಭ ಇಲ್ಲ. ಕುದಿಸಿದ್ರೆ ಹುಳ, ಮೊಟ್ಟೆ, ಫಂಗಸ್ ಸ್ಪೋರ್ ಬಹುಪಾಲು ಸಾಯುತ್ತೆ, ಚೊಗರು (ಮರ ಬಿಡೋ ಕಂದು ಟ್ಯಾನಿನ್) ಬೇಗ ಇಳಿಯುತ್ತೆ, ಒಳಗಿರೋ ಗಾಳಿ ಹೊರಗೆ ಹೋಗಿ ಬೇಗ ಮುಳುಗುತ್ತೆ, ಒಂದೇ ಕೆಲ್ಸಕ್ಕೆ ಮೂರು ಲಾಭ.

ನೀರುಗಾಜು

@ತೀರ್ಥಳ್ಳಿ ಟ್ಯಾಂಕ್ ದಯವಿಟ್ಟು ತಾಮ್ರದ ಹಂಡೆ ಇಳಿಸ್ಬೇಡಿ. ಶ್ರಿಂಪ್ ಇದೆ ಅಂದ್ರಿ. ಚೊಗರು ಅಂದ್ರೆ ಹುಳಿ ಗುಣದ್ದು, ಅದನ್ನ ತಾಮ್ರದ ಪಾತ್ರೇಲಿ ಗಂಟೆಗಟ್ಲೆ ಕುದಿಸಿದ್ರೆ ತಾಮ್ರ ನೀರಿಗೆ ಬಿಡತ್ತೆ, ಆ ನೀರನ್ನ ಮರ ಕುಡಿಯತ್ತೆ. ಮೀನಿಗೆ ಸ್ವಲ್ಪ ತಾಮ್ರ ತಡ್ಕೊಳ್ಳೋ ಶಕ್ತಿ ಇದೆ, ಶ್ರಿಂಪಿಗೆ, ಬಸವನಹುಳಕ್ಕೆ ಇಲ್ಲ. ಸ್ಟೀಲ್ ಪಾತ್ರೆ ಅಥವಾ ಹಳೇ ಅಲ್ಯೂಮಿನಿಯಂ ದಬರಿ ಸಾಕು. ಅಲ್ಯೂಮಿನಿಯಂ ಕಪ್ಪಾಗತ್ತೆ, ಮನೇಲಿ ಕೇಳಿ ತಗೊಳ್ಳಿ.

ಆದ್ರೆ ಹಂಡೆಗಿಂತ ದೊಡ್ಡ ಪ್ರಶ್ನೆ ಇದೆ. ಎಲ್ರೂ ಎಷ್ಟು ಹೊತ್ತು ಕುದಿಸ್ಬೇಕು ಅಂತ ಕೇಳ್ತಾರೆ, ಈ ಮರ ಎಲ್ಲಿತ್ತು ಅಂತ ಯಾರೂ ಕೇಳಲ್ಲ, ನನ್ ಪ್ರಕಾರ ಮೊದ್ಲು ಕೇಳ್ಬೇಕಾದ್ದೇ ಅದು. ನಿಮ್ ಬೇರು ಇದ್ದಿದ್ದು ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ. ಕೊಳೆರೋಗಕ್ಕೆ ನಿಮ್ ಕಡೆ ವರ್ಷಾ ವರ್ಷ ಬೋರ್ಡೋ ಹೊಡೀತಾರೆ ಅಲ್ವಾ? 1 ಪರ್ಸೆಂಟ್ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದ್ರೇನೇ ಕಾಪರ್ ಸಲ್ಫೇಟ್. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮಧ್ಯ ಬಿಡುವು ಸಿಕ್ಕಿದಾಗ ಇನ್ನೊಂದ್ಸಲ, ಎಷ್ಟೋ ವರ್ಷದಿಂದ ಹೊಡೆದಿದ್ದು ಎಲ್ಲಿಗೆ ಹೋಗತ್ತೆ? ಮಣ್ಣಿಗೆ, ಆ ಮಣ್ಣು ಮಳೆಗೆ ಕೊಚ್ಚಿಕೊಂಡು ಕೆಳಗಿನ ಹಳ್ಳಕ್ಕೆ. ತಾಮ್ರ ಕೊಳೆತು ಹೋಗೋ ವಸ್ತು ಅಲ್ಲ, ಕುದಿಸಿದ್ರೂ ಆವಿ ಆಗಲ್ಲ. ಬೇರಿನ ಸಂದು, ಪೊಟರೆ ಒಳಗೆ ಕೂತಿರೋ ಕೆಸರಲ್ಲಿ ಅದು ಇರೋ ಸಾಧ್ಯತೆ ಇದೆ. ಕುದಿಸೋದ್ರಿಂದ ಜೀವ ಇರೋದು ಸಾಯತ್ತೆ, ಲೋಹ ಹಾಗೇ ಇರತ್ತೆ.

ಇನ್ನೊಂದು, ಅಡಿಕೆ ಬೇರುಹುಳಕ್ಕೆ ಬುಡಕ್ಕೆ ಕ್ಲೋರ್‌ಪೈರಿಫಾಸ್ ಸುರಿಯೋ ಪದ್ಧತಿ ಇದೆ. ಅದು ಕೀಟನಾಶಕ, ಶ್ರಿಂಪ್ ಕೀಟದ ಹತ್ತಿರದ ಸಂಬಂಧಿ, ಒಂದು ತೊಟ್ಟಿನ ಅಂಶಕ್ಕೂ ಉಳಿಯಲ್ಲ. ನಿಮ್ ತೋಟದಲ್ಲಿ ಇತ್ತೀಚೆಗೆ ಹಾಕಿದ್ರಾ? ಮೇಲಿನ ತೋಟ ಯಾರ್ದು, ಅಲ್ಲಿ ಏನು ಹೊಡೀತಾರೆ? ಇದಕ್ಕೆ ಉತ್ರ ಗೊತ್ತಾದ್ಮೇಲೆ ಕುದಿಸೋ ಮಾತು.

ತೀರ್ಥಳ್ಳಿ ಟ್ಯಾಂಕ್

ಇದು ನನ್ ತಲೆಗೇ ಬಂದಿರ್ಲಿಲ್ಲ ಮಾರಾಯ್ರೆ. ಬೋರ್ಡೋ ಹೌದು, ಪ್ರತಿ ವರ್ಷ ಹೊಡೀತೀವಿ, ಅಜ್ಜನ ಕಾಲದಿಂದ. ಬೇರುಹುಳಕ್ಕೆ ನಾವು ಏನೂ ಹಾಕಿಲ್ಲ ಅಂತ ಅಪ್ಪ ಹೇಳಿದ್ರು, ಮೇಲಿನ ತೋಟದವ್ರನ್ನ ಕೇಳಿ ಹೇಳ್ತೀನಿ. ಹಾಗಾದ್ರೆ ಈ ಬೇರನ್ನ ಬಿಟ್ಬಿಡ್ಬೇಕಾ? ಮನಸ್ಸೇ ಬರ್ತಿಲ್ಲ.

ಹುಬ್ಳಿ ಫಿಶ್ ಮನಿ

ಬಿಡಬ್ಯಾಡ್ರಿ, ತಡೀರಿ. ತಾಮ್ರದ ಟೆಸ್ಟ್ ಕಿಟ್ ಸಿಗ್ತೈತಿ, ನೀರಿಗೆ ಹನಿ ಹಾಕಿ ಬಣ್ಣ ನೋಡೋದು ಅಷ್ಟ. ಬ್ಯಾರೆ ಡ್ರಮ್ಮಿನಾಗ ಒಂದ್ ವಾರ ನೆನೆ ಹಾಕ್ರಿ, ಆ ನೀರು ಟೆಸ್ಟ್ ಮಾಡ್ರಿ, ಟ್ಯಾಂಕಿಗೆ ಹಾಕೋ ಮುಂಚೆನ ಎಲ್ಲಾ ಗೊತ್ತಾಗ್ತದ. ಆದ್ರ ಚೊಗರಿನ ನೀರಿನ ಬಣ್ಣ ಕಿಟ್ಟಿನ ಬಣ್ಣ ಮುಚ್ಚಿ ಹಾಕ್ತೈತಿ, ಹಂಗಾಗಿ ಒಂದೆರಡು ಸಲ ನೀರು ಬದಲಿ ಮಾಡಿ ತಿಳಿ ಆದ ಮ್ಯಾಲ ಮಾಡ್ರಿ. ಮತ್ತ ಬರೀ ಬಾವಿ ನೀರನ್ನೂ ಬಾಜೂಕ ಇಟ್ಟು ಟೆಸ್ಟ್ ಮಾಡ್ರಿ, ಇಲ್ಲಂದ್ರ ತಾಮ್ರ ಮರದ್ದೋ ಬಾವೀದೋ ಹೆಂಗ ಗೊತ್ತಾಗ್ಬೇಕು?

ಕೆಮಿಸ್ಟ್ರಿ ಮೇಷ್ಟ್ರು

ಹುಬ್ಬಳ್ಳಿಯವರು ಹೇಳಿದ್ದು ಸರಿಯಾದ ಕ್ರಮ. ಅದಕ್ಕೆ ಒಂದು ಹಂತ ಸೇರಿಸ್ತೀನಿ. ಬೋರ್ಡೋ ದ್ರಾವಣ ಒಣಗಿದ ಮೇಲೆ ತಾಮ್ರ ನೀರಲ್ಲಿ ಸುಲಭಕ್ಕೆ ಕರಗದ ರೂಪದಲ್ಲಿ ಅಂಟಿಕೊಂಡಿರುತ್ತೆ, ಮಳೆಗೆ ತೊಳೆದು ಹೋಗಬಾರದು ಅಂತಾನೂ ಸುಣ್ಣ ಸೇರಿಸೋದು. ಹಾಗಾಗಿ ಬರೀ ನೀರಲ್ಲಿ ನೆನೆಸಿದ್ರೆ ಟೆಸ್ಟಲ್ಲಿ ಏನೂ ಕಾಣದೇ ಇರಬಹುದು. ಆದ್ರೆ ಹುಳಿ ನೀರಲ್ಲಿ ಅದು ಕರಗುತ್ತೆ. ನಿಮ್ಮ ಟ್ಯಾಂಕಿನ ನೀರು ಮರದ ಚೊಗರಿಂದ ನಿಧಾನಕ್ಕೆ ಹುಳಿಯಾಗುತ್ತಾ ಹೋದ್ರೆ ತಾಮ್ರನೂ ನಿಧಾನಕ್ಕೆ ಹೊರಗೆ ಬರುತ್ತೆ. ಆದ್ದರಿಂದ ಮೊದಲು ಸಂದಿನ ಕೆಸರೆಲ್ಲ ತೆಗೆದು, ಹೊರಗಿನ ಪದರ ತೆಳ್ಳಗೆ ಹೆರೆದು, ಆಮೇಲೆ ಬಿಳಿ ವಿನಿಗರ್ ಬೆರೆಸಿದ ನೀರಲ್ಲಿ ಒಂದು ದಿನ ನೆನೆಸಿ. ಆ ನೀರು ಚೆಲ್ಲಿ, ಬರೀ ನೀರಲ್ಲಿ ಹಲವು ಸಲ ಬದಲಿಸುತ್ತಾ ನೆನೆಸಿ, ವಿನಿಗರ್ ವಾಸನೆ ಪೂರ್ತಿ ಹೋದ ಮೇಲೆ ಕೊನೆಗೆ ಟೆಸ್ಟ್ ಮಾಡಿ.

ಇನ್ನೂ ಒಂದು ವಿಷಯ ಗಮನಿಸಿ. ತಾಮ್ರದ ವಿಷ ಮೆದು ನೀರಲ್ಲಿ ಜಾಸ್ತಿ, ಗಡಸು ನೀರಲ್ಲಿ ಕಮ್ಮಿ. ನೀರಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಇದ್ರೆ ತಾಮ್ರ ಮೀನಿನ ಕಿವಿರಿಗೆ ಅಂಟೋದು ಕಮ್ಮಿಯಾಗುತ್ತೆ. ಮಲೆನಾಡಿನ ತೆರೆದ ಬಾವಿ ನೀರು ಸಾಮಾನ್ಯವಾಗಿ ಬಹಳ ಮೆದು. ಬೋರ್‌ವೆಲ್ ಗಡಸು ನೀರಿನ ಟ್ಯಾಂಕಲ್ಲಿ ತೊಂದರೆ ಕಾಣದ ಮರ ನಿಮ್ಮ ಬಾವಿ ನೀರಲ್ಲಿ ಶ್ರಿಂಪನ್ನ ಕೊಲ್ಲಬಹುದು. ಬೆಂಗಳೂರಲ್ಲಿ ಯಾರಿಗೋ ಏನೂ ಆಗಲಿಲ್ಲ ಅನ್ನೋದು ನಿಮಗೆ ಪ್ರಮಾಣ ಅಲ್ಲ.

ಬೆಂಗ್ಳೂರು ಪ್ಲಾಂಟೆಡ್

ಇದು ಪಿಹೆಚ್ (ನೀರು ಎಷ್ಟು ಹುಳಿ ಅನ್ನೋ ಅಳತೆ, ಇಳಿದಷ್ಟೂ ಹುಳಿ) ವಿಷ್ಯಕ್ಕೂ ಅಪ್ಲೈ ಆಗುತ್ತೆ ಅಲ್ವಾ ಸರ್. ನಮ್ ಅಪಾರ್ಟ್‌ಮೆಂಟ್ ಬೋರ್ ನೀರಲ್ಲಿ ದೊಡ್ಡ ಮರ ಹಾಕಿದ್ರೂ ಪಿಹೆಚ್ ಅಲ್ಲಾಡಲ್ಲ, ಎಷ್ಟೋ ಜನ ಮರ ಹಾಕಿದ್ರೆ ಪಿಹೆಚ್ ಇಳಿಯುತ್ತೆ ಅಂತ ನಂಬ್ಕೊಂಡು ಹುಳಿ ನೀರು ಇಷ್ಟಪಡೋ ಡಿಸ್ಕಸ್ ಮೀನಿಗೆ ಮರ ಹಾಕ್ತಾರೆ, ಏನೂ ಇಳಿಯಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಹೌದು. ಕೆಹೆಚ್ ಅಂದ್ರೆ ಕಾರ್ಬೊನೇಟ್ ಗಡಸುತನ, ಅದು ಹುಳಿಯನ್ನ ಹಿಡಿದು ಹಾಕುತ್ತೆ. 1 ಡಿಗ್ರಿ ಕೆಹೆಚ್ ಅಂದ್ರೆ ಸುಮಾರು 17.9 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಕೆಹೆಚ್ 8, 10 ಇರೋ ನೀರಲ್ಲಿ ಮರದ ಚೊಗರು ಬಣ್ಣ ಕೊಡುತ್ತೆ ಅಷ್ಟೇ. ಕೆಹೆಚ್ 1 ಇರೋ ನೀರಲ್ಲಿ, ಆರ್‌ಓ ನೀರಲ್ಲಿ, ಅದೇ ಮರ ಪಿಹೆಚ್ ಅನ್ನ ನಿಜವಾಗ್ಲೂ ಇಳಿಸುತ್ತೆ. ತೀರ್ಥಹಳ್ಳಿಯವರೇ, ನಿಮ್ಮ ಬಾವಿ ನೀರಿನ ಕೆಹೆಚ್ ಒಮ್ಮೆ ನೋಡಿ. ತೀರಾ ಕಮ್ಮಿ ಇದ್ರೆ ಫಿಲ್ಟರ್ ಒಳಗೆ ಸ್ವಲ್ಪ ಹವಳದ ಚೂರೋ ಕಪ್ಪೆಚಿಪ್ಪಿನ ಚೂರೋ ಇಟ್ಟರೆ ಶ್ರಿಂಪಿಗೂ ಒಳ್ಳೇದು, ಸಿಪ್ಪೆ ಬಿಡೋಕೆ ಅದಕ್ಕೆ ಕ್ಯಾಲ್ಸಿಯಂ ಬೇಕು.

ಕುಂದಾಪ್ರ ಅಕ್ವಾ

ಮತ್ತಿಯೋ ಹೊನ್ನೆಯೋ ಅಂಬುದು ಮುಖ್ಯ ಆತಿತ್ತ್ ಕಾಣಿ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಸಕ್ಕರೆ ಕಾಯಿಲೆಯವ್ರು ಕುಡಿತ್ರಲ್ಲ, ಆ ನೀರು ಬಣ್ಣ ಬತ್ತ್, ಬಿಸಿಲಿಗೆ ಹಿಡ್ದ್ರೆ ನೀಲಿ ಛಾಯೆ ಕಾಣತ್ತ್. ನಿಮ್ಮ ಬೇರಿನ ಒಂದು ಚೂರು ಕೆತ್ತಿ ಗಾಜಿನ ಲೋಟದಲ್ಲಿ ಹಾಕಿ ಬಿಸಿಲಿಗೆ ಹಿಡ್ದ್ ಕಾಣಿ, ನೀಲಿ ಹೊಳೆದ್ರೆ ಚಿಕ್ಕಪ್ಪ ಹೇಳ್ದ್ ಸರಿ. ಹೊನ್ನೆ ಆದ್ರೆ ನಾನಂತೂ ಟ್ಯಾಂಕಿಗೆ ಹಾಕುದಿಲ್ಲ, ಬಣ್ಣ ಬಿಡೂದು ನಿಲ್ಲೂದೇ ಇಲ್ಲ, ಒಳಗೆ ಔಷಧಿ ಗುಣ ಬೇರೆ ಇತ್ತ್.

ನಮ್ಮ ಬದಿಯಲ್ಲಿ ಸಮುದ್ರದ ದಂಡೆಯಲ್ಲಿ ಮಳೆಗಾಲದಾಗೆ ಬೇಕಾದಷ್ಟ್ ಮರ ಬಂದ್ ಬೀಳತ್ತ್, ಅದ್ನ ಹೊತ್ಕೊಂಡ್ ಹೋಪವ್ರಿಗೆ ಒಂದ್ ಮಾತ್. ಉಪ್ಪು ಒಳಗಿನ ವರೆಗೂ ಹೋಯ್ರತ್ತ್, ತಿಂಗಳುಗಟ್ಲೆ ಸಿಹಿನೀರಲ್ಲಿ ನೆನೆಸಿ, ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಕರಗಿದ ಉಪ್ಪಿನಂಶ ಅಳೂದ್) ಮರ ಹಾಕುಕಿಂತ ಮುಂಚೆ ಎಷ್ಟಿತ್ತ್, ಒಂದು ವಾರದ ಮೇಲೆ ಎಷ್ಟಾಯ್ತ್ ಅಂತ ಕಾಣಿ. ಏರೂದು ನಿಂತ್ರೆ ಮಾತ್ರ ಹಾಕಿ. ದೋಣಿಯ ಹಲಗೆ ಚೂರು ಮುಟ್ಟೂಕೇ ಹೋಗ್ಬೇಡಿ, ಪೇಂಟು, ಡೀಸೆಲ್ಲು ಎಲ್ಲಾ ಇರತ್ತ್. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಚಂದ ಕಾಂತ್ ಅಂತ ಕಡಿಬೇಡಿ, ಅದು ನಮ್ಮ ದಂಡೆ ಕಾಯೂದ್, ಮೀನು ಮರಿ ಮಾಡೂದೇ ಅಲ್ಲಿ.

ನೀರುಗಾಜು

ಕುಂದಾಪ್ರದವ್ರು ಹೇಳಿದ್ದು ಬಹಳ ಮುಖ್ಯ. ಯಾವ ಮರ ಅಂತ ಗೊತ್ತಿಲ್ದೆ ಹಾಕೋಕೆ ಹೋಗ್ಬಾರ್ದು ಅನ್ನೋದಕ್ಕೆ ನಮ್ಮ ಕಾಡಲ್ಲೇ ಕಾರಣ ಇದೆ. ಮಲೆನಾಡಲ್ಲಿ ಹಿಂದೆ ಹೊಳೆಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡೀತಿದ್ರು, ಕಾಗೆಮಾರಿ ಕಾಯಿನೂ ಹಾಗೇ. ಅಂದ್ರೆ ಮೀನಿಗೆ ಮತ್ತು ಬರಿಸೋ ಗಿಡಗಳು ಅದೇ ಹಳ್ಳದ ದಂಡೇಲೇ ಬೆಳೀತವೆ. ಹೊಂಗೆ, ಬೇವು, ಕಣಗಿಲೆ, ಕಳ್ಳಿ ಜಾತಿ ಎಲ್ಲಾ ಬಿಟ್ಬಿಡಿ. ಕಾಡುಗೇರು, ಚೇರು ಮುಟ್ಟಿದ್ರೆ ನಿಮ್ಗೇ ಬೊಬ್ಬೆ ಏಳತ್ತೆ. ನೀಲಗಿರಿ, ಪೈನ್ ಥರ ಎಣ್ಣೆ, ಅಂಟು ಇರೋ ಮರ ಬೇಡ. ಸಾಗುವಾನಿ ಒಳಗೂ ಎಣ್ಣೆ ಅಂಶ ಇದೆ, ಗೆದ್ದಲು ಹತ್ತದೇ ಇರೋದು ಅದ್ರಿಂದಾನೇ. ಹಳೇ ಮನೆ ಬಿಚ್ಚಿದ ತೊಲೆ, ಬೇಲಿ ಕಂಬ ಇವಕ್ಕೆ ಗೆದ್ದಲಿನ ಔಷಧಿ ಹೊಡೆದಿರ್ತಾರೆ, ಕೆಲವು ಕಂಬಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ದ್ರಾವಣ ಕುಡಿಸಿರ್ತಾರೆ, ಅದರ ಹತ್ರನೂ ಹೋಗ್ಬೇಡಿ.

ನಾನು ಧೈರ್ಯವಾಗಿ ಹೇಳೋದು ಸೀಬೆ ಮರದ ಬೇರು. ಚೆನ್ನಾಗಿ ಒಣಗಿದ್ದು, ಔಷಧಿ ಹೊಡೀದ ಹಿತ್ತಲಿನದ್ದು. ಗಟ್ಟಿ, ಕವಲು ಚೆನ್ನಾಗಿರತ್ತೆ. ಕಾಫಿ ಗಿಡದ ಬುಡ ಕೂಡ ತುಂಬಾ ಚಂದ, ಕೊಡಗು, ಚಿಕ್ಕಮಗಳೂರು ಕಡೆ ಹಳೇ ಗಿಡ ಕಿತ್ತಾಗ ರಾಶಿ ಸಿಗತ್ತೆ, ಆದ್ರೆ ಕಾಫಿ ಎಲೆ ತುಕ್ಕು ರೋಗಕ್ಕೂ ಅದೇ ಬೋರ್ಡೋ ಹೊಡೆಯೋದು, ಹಾಗಾಗಿ ಅಲ್ಲೂ ಇದೇ ಟೆಸ್ಟ್ ಕಡ್ಡಾಯ. ಹಸಿ ಮರ ಯಾವ್ದೇ ಆಗ್ಲಿ ಬೇಡ, ಒಳಗಿನ ರಸದಲ್ಲಿ ಸಕ್ಕರೆ ಅಂಶ ಇರತ್ತೆ, ಟ್ಯಾಂಕಿಗೆ ಹೋದ್ರೆ ಬ್ಯಾಕ್ಟೀರಿಯಾ ಒಂದೇ ಸಲ ಎದ್ದು ನೀರು ಹಾಲಾಗತ್ತೆ, ಮೀನು ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡತ್ತೆ.

ಕಾಡುದಾರಿ

ಮಧ್ಯ ಬರ್ತಿದ್ದೀನಿ ಕ್ಷಮಿಸಿ, ಆದ್ರೆ ಇದನ್ನ ಯಾರಾದ್ರೂ ಹೇಳಲೇಬೇಕು. ನಿಮ್ಮದೇ ತೋಟದ ಗಡಿ ಒಳಗಿನ ಬೇರು ಬೇರೆ ವಿಷ್ಯ. ಕಾಡಿನ ಹೊಳೆಯಿಂದ ಮರ ಎತ್ಕೊಂಡು ಬರೋದು ಕಾನೂನು ಪ್ರಕಾರ ತಪ್ಪಾಗತ್ತೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲೇ ತೇಲಿ ಬಂದ, ದಡಕ್ಕೆ ಬಿದ್ದ, ಮುಳುಗಿದ ಮರದ ಬಗ್ಗೆ ಪ್ರತ್ಯೇಕ ಅಧ್ಯಾಯ ಇದೆ, 45ನೇ ಸೆಕ್ಷನ್ ಪ್ರಕಾರ ಯಾರಾದ್ರೂ ತಮ್ಮದು ಅಂತ ಸಾಬೀತು ಮಾಡೋವರೆಗೆ ಅದು ಸರ್ಕಾರದ್ದು. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರತ್ತೆ, ಅಲ್ಲಿಂದ ಒಂದು ಕಡ್ಡಿನೂ ತರೋ ಹಾಗಿಲ್ಲ.

ಕಾನೂನು ಬಿಡಿ, ಹಳ್ಳದೊಳಗೆ ಬಿದ್ದಿರೋ ಮರ ಬೇಡದ ಕಸ ಅಲ್ಲ. ಬೇಸಿಗೆಯಲ್ಲಿ ನೀರು ಇಂಗಿ ಗುಂಡಿ ಗುಂಡಿಯಾಗಿ ಉಳಿದಾಗ ಮೀನು, ಏಡಿ, ಸಿಗಡಿ ಎಲ್ಲಾ ಆ ಮರದ ಅಡಿಯಲ್ಲೇ ಜೀವ ಹಿಡ್ಕೊಂಡಿರತ್ತೆ. ನಮ್ಮ ಟ್ಯಾಂಕಿನ ಮೀನಿಗೆ ಮನೆ ಮಾಡೋಕೆ ಹೊಳೆ ಮೀನಿನ ಮನೆ ಕೀಳ್ಬಾರ್ದು. ನೀರಿನಿಂದ ಹೊರಗೆ, ದರೆ ಮೇಲೆ ಒಣಗಿ ಬಿದ್ದಿದ್ದು ಮಾತ್ರ ತಗೊಳ್ಳಿ, ಅದೂ ನಿಮ್ಮ ಜಾಗದಲ್ಲಿ.

ತೀರ್ಥಳ್ಳಿ ಟ್ಯಾಂಕ್

ಕಾಡುದಾರಿಯವ್ರೇ, ಇದು ನಮ್ ಖಾತೆ ಜಾಗದ ದರೆಯಲ್ಲಿ ಇದ್ದಿದ್ದು, ನೀರಲ್ಲಿ ಇರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು.

ಅಪ್‌ಡೇಟ್. ಲೋಟದ ಪರೀಕ್ಷೆ ಮಾಡ್ದೆ, ನೀಲಿ ಏನೂ ಕಾಣ್ಲಿಲ್ಲ, ಬರೀ ಕಂದು. ಸೋ ಅಪ್ಪ ಹೇಳಿದ ಮತ್ತಿನೇ ಇರ್ಬೇಕು. ಮೇಲಿನ ತೋಟದವ್ರೂ ಬೇರುಹುಳಕ್ಕೆ ಏನೂ ಹಾಕಿಲ್ವಂತೆ, ಬೋರ್ಡೋ ಮಾತ್ರ. ಪೊಟರೆ ಒಳಗಿಂದ ಕೆಸರು ತೆಗೆದ್ರೆ ತೆಗೆದಷ್ಟೂ ಬರ್ತಿದೆ, ಹಳೇ ಟೂತ್‌ಬ್ರಷ್, ಸೈಕಲ್ ಕಡ್ಡಿ ಎಲ್ಲಾ ಉಪಯೋಗಿಸ್ತಾ ಇದ್ದೀನಿ. ಒಂದು ಕವಲಿನ ತುದಿ ಮೆತ್ತಗಿತ್ತು, ಗರಗಸ ಹಾಕಿ ಕತ್ತರಿಸ್ದೆ. ಟೆಸ್ಟ್ ಕಿಟ್ ಆರ್ಡರ್ ಮಾಡಿದ್ದೀನಿ. ಅಷ್ಟರಲ್ಲಿ ನೆನೆ ಹಾಕೋಣ ಅಂತ ಅಂಗಳದ ಡ್ರಮ್ಮಲ್ಲಿ ಹಾಕಿ ಮೇಲೆ ಕಲ್ಲು ಹೇರಿದ್ದೀನಿ.

ನರ್ಸಮ್ಮನ ಟ್ಯಾಂಕ್

ಅಂಗಳದ ಡ್ರಮ್ ಅಂದಿದ್ದಕ್ಕೆ ಬರೀತಿದ್ದೀನಿ. ದಯವಿಟ್ಟು ಮೇಲೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ. ಡೆಂಗಿ ತರೋ ಈಡಿಸ್ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡೋದು, ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರೋಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮರ ನೆನೆಸೋರು ತಿಂಗಳುಗಟ್ಟಲೆ ಮರೆತು ಬಿಟ್ಟಿರ್ತಾರೆ. ಎರಡು ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಡ್ರಮ್ಮಿನ ಒಳಗೋಡೆ ಉಜ್ಜಿ, ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದ್ರೂ ಬದುಕಿರತ್ತೆ. ಚೊಗರೂ ಬೇಗ ಇಳಿಯತ್ತೆ, ಮನೆಯವರೂ ಕ್ಷೇಮ.

ಹುಬ್ಳಿ ಫಿಶ್ ಮನಿ

ಭಾಳ ಚಲೋ ಹೇಳಿದ್ರಿ ಅಕ್ಕಾರ.

ತೇಲೋದಕ್ಕ ನಾ ಹೇಳ್ತೀನಿ ಕೇಳ್ರಿ. ಮರದ ಗಟ್ಟಿ ಪದಾರ್ಥ ಏನೈತಿ ಅದು ನೀರಿಗಿಂತ ಒಂದೂವರೆ ಪಟ್ಟು ತೂಕದ್ದು, ತೇಲೋದು ಒಳಗಿನ ಗಾಳಿಯಿಂದ. ಅಂದ್ರ ಯಾವ ಮರ ಆದ್ರೂ ಒಂದಿನ ಮುಳುಗಾಕ ಬೇಕು, ಗಾಳಿ ಹೋಗಿ ನೀರು ತುಂಬೂತನಕ ತಡೀಬೇಕು ಅಷ್ಟ. ದೊಡ್ಡ ಬೇರಿಗೆ ತಿಂಗಳಗಟ್ಲೆ ಆಗ್ಬಹುದು. ತಡಿಯಾಕ ಆಗಂಗಿಲ್ಲ ಅನ್ನೋರು ಕೆಳಗ ಒಂದು ಕಲ್ಲಿನ ಹಲಗಿ ಸ್ಕ್ರೂ ಮಾಡಿ ಮ್ಯಾಲ ಮರಳು ಮುಚ್ತಾರ. ಆದ್ರ ಕಲ್ಲು ನೋಡಿ ಆರಿಸ್ರಿ. ನಮ್ ಕಡೆ ಎಲ್ಲಾರ ಮನ್ಯಾಗ ಶಹಾಬಾದ್ ಕಲ್ಲಿನ ತುಂಡು ಬಿದ್ದಿರ್ತಾವ, ಅದು ಸುಣ್ಣದ ಕಲ್ಲು. ಕಡಪ ಕಲ್ಲೂ ಹಂಗ. ನೀರು ಹುಳಿ ಇದ್ರ ಅವು ಕರಗಿ ಗಡಸುತನ ಏರಿಸ್ತಾವ. ಗ್ರಾನೈಟ್ ತುಂಡು ತಗೋರಿ, ಅಡುಗಿ ಕಟ್ಟಿ ಮಾಡೋ ಅಂಗಡಿಯಾಗ ಕಟಿಂಗ್ ಉಳಿದದ್ದು ಸುಮ್ನ ಕೊಡ್ತಾರ, ಅವರ ಕಡೆನ ತೂತು ಹಾಕಿಸ್ರಿ. ಅನುಮಾನ ಇದ್ರ ಕಲ್ಲು ಕೆರೆದು ವಿನಿಗರ್ ಬಿಡ್ರಿ, ಗುಳ್ಳಿ ಬಂದ್ರ ಸುಣ್ಣ.

ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನ್ದು, 304 ಅಥವಾ 316 ಗ್ರೇಡ್. ಸಾದಾ ಕಬ್ಬಿಣದ ಮೊಳೆ ಹೊಡದ್ರ ಕಬ್ಬಿಣ ಮತ್ತ ಚೊಗರು ಕೂಡಿ ಮರ ಕರ್ರಗ ಆಗ್ತೈತಿ, ಹಿಂದಿನವ್ರು ಮಸಿ ಮಾಡ್ತಿದ್ದದ್ದು ಅದ ರೀತಿ, ತುಕ್ಕು ಹಿಡದು ಸ್ಕ್ರೂನೂ ಸವದು ಹೋಗ್ತೈತಿ.

ಮೈಸೂರ್ ಬೆಟ್ಟಾ

ನಂಗೆ ಒಂದು ಡೌಟು. ಎಲ್ರೂ ಚೊಗರು ತೆಗೀಬೇಕು ತೆಗೀಬೇಕು ಅಂತೀರಲ್ಲ, ಯಾಕೆ? ನನ್ ಬೆಟ್ಟಾ ಟ್ಯಾಂಕಿಗೆ ನಾನು ಬೇಕಂತಲೇ ಕಾಡುಬಾದಾಮಿ ಎಲೆ ಹಾಕಿ ನೀರು ಕಂದು ಮಾಡ್ತೀನಿ. ನಿಯಾನ್ ಟೆಟ್ರಾನೂ ಅಮೆಜಾನ್ ಕಡೆ ಮೀನು, ಅಲ್ಲಿ ರಿಯೊ ನೀಗ್ರೊ ನದಿ ನೀರೇ ಕಪ್ಪು ಚಹಾ ಬಣ್ಣ. ಮೀನಿಗೆ ಬೇಕಾಗಿರೋದನ್ನ ನಾವು ಕಣ್ಣಿಗೆ ಚಂದ ಕಾಣ್ಲಿ ಅಂತ ತೆಗೆಯೋದಾ?

ನೀರುಗಾಜು

ನೀವು ಹೇಳಿದ್ದು ಪೂರ್ತಿ ಒಪ್ತೀನಿ, ಬಣ್ಣ ದೋಷ ಅಲ್ಲ. ಟೆಟ್ರಾ, ಬೆಟ್ಟಾ, ಅಪಿಸ್ಟೊಗ್ರಾಮ ಇವೆಲ್ಲಾ ಆ ನೀರಲ್ಲಿ ಬಣ್ಣ ತುಂಬ್ಕೊಂಡು ಓಡಾಡೋದು ನೋಡಿದ್ರೆ ಕನ್ನಡಿ ಥರ ತಿಳಿ ನೀರೇ ಬೇಡ ಅನ್ಸತ್ತೆ. ಆದ್ರೆ ಹೊಸ ಮರ ಮೊದಲ ವಾರಗಳಲ್ಲಿ ಒಂದೇ ಸಲ ಬಿಡೋ ಚೊಗರು ತುಂಬಾ ಜಾಸ್ತಿ, ಮೆದು ನೀರಲ್ಲಿ ಪಿಹೆಚ್ ದಢಾರಂತ ಬೀಳ್ಬಹುದು, ಮೊದಲ ಭಾರ ಹೊರಗೆ ಇಳಿಸಿ ಬರೋದು ಅದಕ್ಕೆ. ಗಿಡಕ್ಕೂ ಬೆಳಕು ಕಮ್ಮಿಯಾಗತ್ತೆ. ಆಮೇಲೆ ಉಳಿದ ತಿಳಿ ಬಣ್ಣ ಇರ್ಲಿ. ಬೇಡ ಅನ್ನೋರಿಗೆ ಆಕ್ಟಿವೇಟೆಡ್ ಕಾರ್ಬನ್ ಇದೆ, ಅದು ತುಂಬಿದ್ಮೇಲೆ ಬದಲಿಸ್ಬೇಕು. ಪ್ಯೂರಿಜನ್ (ಬಣ್ಣ ಹೀರೋ ಫಿಲ್ಟರ್ ಹರಳು) ತಗೊಂಡ್ರೆ ಬ್ಲೀಚಲ್ಲಿ ತೊಳೆದು ಮತ್ತೆ ಬಳಸ್ಬಹುದು, ತೊಳೆದ್ಮೇಲೆ ಕ್ಲೋರಿನ್ ತೆಗೆಯೋ ದ್ರಾವಣದಲ್ಲಿ ನೆನೆಸೋದು ತಪ್ಪಿಸ್ಬಾರ್ದು. ನೀರು ಬದಲಿಸೋದಕ್ಕಿಂತ ಸುಲಭದ ದಾರಿ ಮಾತ್ರ ಯಾವ್ದೂ ಇಲ್ಲ.

ಹೊಸ ಹವ್ಯಾಸಿ

ಅಂಗಡಿಯಲ್ಲಿ ಕೊಂಡ ಮರಕ್ಕೂ ಇಷ್ಟೆಲ್ಲಾ ಮಾಡ್ಬೇಕಾ? ನಾನು ಒಂದು ಸ್ಪೈಡರ್ ವುಡ್ ತಂದೆ, ಹಾಕಿದ ಸ್ವಲ್ಪ ದಿನಕ್ಕೆ ಮೇಲೆಲ್ಲಾ ಬಿಳಿ ಲೋಳೆ ಬಂದು ಅಸಹ್ಯ ಆಗಿದೆ. ಮೀನು ಸತ್ತೋಗತ್ತೇನೋ ಅಂತ ಭಯ. ಬ್ಲೀಚ್ ಹಾಕ್ಲಾ? ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕು ಅಂತ ಫ್ರೆಂಡ್ ಹೇಳ್ತಾನೆ.

ಬೆಂಗ್ಳೂರು ಪ್ಲಾಂಟೆಡ್

ಭಯ ಬೇಡ, ಅದು ಬಯೋಫಿಲ್ಮ್. ಮರದ ಹೊರಗಿನ ಸಕ್ಕರೆ ಅಂಶ ತಿನ್ನೋ ಬ್ಯಾಕ್ಟೀರಿಯಾ, ಫಂಗಸ್, ಹೊಸ ಮರಕ್ಕೆ ಬಂದೇ ಬರುತ್ತೆ, ಸ್ಪೈಡರ್ ವುಡ್ಡಿಗಂತೂ ತಪ್ಪಿದ್ದಲ್ಲ. ತಿನ್ನೋದು ಮುಗಿದ್ಮೇಲೆ ತಾನೇ ಹೋಗುತ್ತೆ, ಕೆಲವು ವಾರ. ಶ್ರಿಂಪ್, ಬಸವನಹುಳ, ಓಟೊ, ಬ್ರಿಸಲ್‌ನೋಸ್ ಥರದ ಪಾಚಿ ತಿನ್ನೋ ಸಣ್ಣ ಮೀನು ಇದ್ರೆ ಅವಕ್ಕೆ ಹಬ್ಬದೂಟ. ಇಲ್ಲಾಂದ್ರೆ ನೀರು ಬದಲಿಸುವಾಗ ಪೈಪಲ್ಲೇ ಎಳ್ಕೊಳ್ಳಿ, ಮರ ಹೊರಗೆ ತೆಗೆದು ಉಜ್ಜಿದ್ರೂ ಆಯ್ತು. ಲೋಳೆ ತಿನ್ಲಿ ಅಂತ ದೊಡ್ಡ ಸಕ್ಕರ್ ಮೀನು ಮಾತ್ರ ತರಬೇಡಿ, ಅದು ಅಡಿಗಟ್ಲೆ ಬೆಳೆಯುತ್ತೆ, ಆಮೇಲೆ ಜನ ಕೆರೆಗೆ ಬಿಡ್ತಾರೆ, ಈಗಾಗ್ಲೇ ನಮ್ ದೇಶದ ಎಷ್ಟೋ ಕೆರೆಗಳಲ್ಲಿ ಅದು ತುಂಬ್ಕೊಂಡು ಊರಿನ ಮೀನಿಗೆ ಜಾಗ ಇಲ್ದಂಗೆ ಮಾಡಿದೆ.

ಬ್ಲೀಚ್ ನಾನು ಮರಕ್ಕೆ ಬಳಸಲ್ಲ. ಗಾಜಿಗೆ, ಕಲ್ಲಿಗೆ ಓಕೆ, ಮರ ಒಳಗೆ ಹೀರ್ಕೊಳ್ಳುತ್ತೆ. ಅಂಗಡಿ ಮರನೂ ಕುದಿಸಿ ಹಾಕಿ. ಒಂದ್ಸಲ ನನ್ ಕೈಗೆ ಬಂದ ಪೀಸಿಗೆ ಹೊಳಪಿಗೆ ವಾರ್ನಿಶ್ ಹೊಡೆದಿದ್ರು, ಬಿಸಿನೀರು ಹುಯ್ದಾಗ ವಾಸನೆಯಲ್ಲೇ ಗೊತ್ತಾಯ್ತು, ವಾಪಸ್ ಕೊಟ್ಟೆ.

ಕೆಮಿಸ್ಟ್ರಿ ಮೇಷ್ಟ್ರು

ಪರ್ಮಾಂಗನೇಟ್ ಕುದಿಸೋಕೆ ಆಗದಷ್ಟು ದೊಡ್ಡ ಮರಕ್ಕೆ, ಟ್ಯಾಂಕಿನ ಹೊರಗೆ ಮಾತ್ರ. ನೀರು ಗುಲಾಬಿ ಆಗೋವಷ್ಟು ಹಾಕಿ ನೆನೆಸಿ, ಗುಲಾಬಿ ಹೋಗಿ ಕಂದಾದ್ರೆ ಅದರ ಕೆಲಸ ಮುಗಿದಿದೆ ಅಂತ ಅರ್ಥ. ಕೈಗೆ ಗ್ಲೌಸ್ ಹಾಕಿ, ಕಂದು ಕಲೆ ಬೇಗ ಹೋಗಲ್ಲ. ಮರದ ಮೇಲೆ ಉಳಿಯೋ ಕಂದು ಮ್ಯಾಂಗನೀಸ್ ಡೈಆಕ್ಸೈಡ್, ವಿಟಮಿನ್ ಸಿ ಕರಗಿಸಿದ ನೀರಲ್ಲಿ ಅದ್ದಿದ್ರೆ ಬಿಡುತ್ತೆ. ಆಮೇಲೆ ಸಾದಾ ನೀರಲ್ಲಿ ಚೆನ್ನಾಗಿ ತೊಳೆದು ನೆನೆಸಿ. ಮರವನ್ನ ಒಲೆಯ ಓವನ್ನಲ್ಲಿ, ಮೈಕ್ರೋವೇವಲ್ಲಿ ಇಡೋ ಸಲಹೆ ಅಲ್ಲಲ್ಲಿ ಓಡಾಡ್ತಿದೆ, ಬೆಂಕಿ ಹತ್ತುತ್ತೆ, ಮಾಡಬೇಡಿ. ಪ್ರೆಶರ್ ಕುಕ್ಕರ್ ಕೂಡ ಬೇಡ, ಚೊಗರಿನ ನೊರೆ, ಸಿಪ್ಪೆ ಚೂರು ವಿಷಲ್ ತೂತು ಮುಚ್ಚಿದ್ರೆ ಅಪಾಯ.

ತೀರ್ಥಳ್ಳಿ ಟ್ಯಾಂಕ್

ಕಿಟ್ ಬಂತು. ರಿಸಲ್ಟ್ ಹೇಳ್ತೀನಿ. ಬಾವಿ ನೀರಲ್ಲಿ ತಾಮ್ರ ಇಲ್ಲ. ಬರೀ ನೀರಲ್ಲಿ ನೆನೆಸಿದ ಡ್ರಮ್ಮಿನ ನೀರಲ್ಲೂ ಬಣ್ಣ ತಿರುಗ್ಲಿಲ್ಲ, ಖುಷಿಯಾಯ್ತು. ಮೇಷ್ಟ್ರು ಹೇಳಿದ ಹಾಗೆ ವಿನಿಗರ್ ನೀರಲ್ಲಿ ಒಂದು ದಿನ ಇಟ್ಟೆ, ತೆಗೆದು ತೊಳೆದು ಮತ್ತೆ ಹೊಸ ನೀರಲ್ಲಿ ನೆನೆಸಿ ಟೆಸ್ಟ್ ಮಾಡಿದ್ರೆ ಈಗ ಬಣ್ಣ ಬಂತು. ಸಣ್ಣಗೆ, ಆದ್ರೆ ಬಂತು. ಪಕ್ಕದಲ್ಲಿ ಬಾವಿ ನೀರಿನ ಟ್ಯೂಬ್ ಇಟ್ಟು ನೋಡಿದ್ರೆ ವ್ಯತ್ಯಾಸ ಸ್ಪಷ್ಟ ಕಾಣತ್ತೆ. ಬಾವಿ ನೀರಿನ ಕೆಹೆಚ್ 1 ಬಂತು.

ನೀರುಗಾಜು

ಟೆಸ್ಟ್ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್, ಇದು ಎಷ್ಟು ಜನ ಮಲೆನಾಡಿನ ಹವ್ಯಾಸಿಗಳಿಗೆ ಉಪಯೋಗ ಆಗತ್ತೆ ಅಂತ ಹೇಳೋಕಾಗಲ್ಲ. ಕೆಹೆಚ್ 1, ಶ್ರಿಂಪ್, ತಾಮ್ರ, ಈ ಮೂರೂ ಒಂದೇ ಟ್ಯಾಂಕಲ್ಲಿ ಬೇಡವೇ ಬೇಡ. ವಿನಿಗರ್, ನಂತ್ರ ಬರೀ ನೀರು, ಈ ಸುತ್ತನ್ನ ಮತ್ತೆ ಮಾಡಿ, ಪೊಟರೆ ಒಳಗೋಡೆಯನ್ನ ಉಳಿಯಲ್ಲಿ ಇನ್ನೂ ಸ್ವಲ್ಪ ಹೆರೆಯಿರಿ, ತಾಮ್ರ ಬಹುಪಾಲು ಮೇಲಿನ ಪದರದಲ್ಲೇ ಇರತ್ತೆ. ಎರಡು ಸಲ ಬೇರೆ ಬೇರೆ ನೀರಲ್ಲಿ ಟೆಸ್ಟ್ ಖಾಲಿ ಬಂದ್ಮೇಲೂ ಮೊದ್ಲು ಬರೀ ಮೀನಿರೋ ಟ್ಯಾಂಕಿಗೆ ಹಾಕಿ. ಶ್ರಿಂಪ್ ಟ್ಯಾಂಕಿಗೆ ಹಿತ್ತಲಲ್ಲಿ ಒಣಗಿದ ಸೀಬೆ ಬೇರು ಇದ್ರೆ ಅದು ಸಾಕು.

ಹುಬ್ಳಿ ಫಿಶ್ ಮನಿ

ನಾ ಒಪ್ಪಂಗಿಲ್ಲ ನೋಡ್ರಿ. ಎರಡು ಸಲ ಖಾಲಿ ಬಂದ್ರ ಶ್ರಿಂಪಿಗೂ ಹಾಕಬಹುದು, ನೀರಿನ ಕೆಹೆಚ್ 4ಕ್ಕ ಏರಿಸಿ, ಫಿಲ್ಟರ್‌ನ್ಯಾಗ ಕಾರ್ಬನ್ ಇಟ್ಟು. ಅಂಥಾ ಬೇರು ಸುಮ್ನ ಮೂಲಿಗೆ ಹಾಕೋದಾ?

ನೀರುಗಾಜು

ಕೆಹೆಚ್ 4ಕ್ಕೆ ಏರಿಸಿದ್ರೆ ಅಪಾಯ ಕಮ್ಮಿ ಆಗತ್ತೆ, ಅದು ನಿಜ. ಆದ್ರೆ ಮರ ವರ್ಷಗಟ್ಲೆ ಟ್ಯಾಂಕಲ್ಲಿ ಸವೀತಾ ಹೋಗತ್ತೆ, ಒಳಗಿನ ಬಿರುಕು ಒಂದೊಂದೇ ತೆರೆದುಕೊಳ್ಳತ್ತೆ, ಇವತ್ತಿನ ಟೆಸ್ಟ್ ಇವತ್ತು ನೀರಿಗೆ ತಾಗಿದ ಮೇಲ್ಮೈದು ಮಾತ್ರ. ಮರಿ ಹಾಕ್ತಿರೋ ಶ್ರಿಂಪ್ ಗುಂಪನ್ನ ಅದಕ್ಕೆ ಒಡ್ಡೋಕೆ ನನಗೆ ಮನಸ್ಸಿಲ್ಲ. ನಿರ್ಧಾರ ಅವರದ್ದು.

ತೀರ್ಥಳ್ಳಿ ಟ್ಯಾಂಕ್

ಯೋಚ್ನೆ ಮಾಡ್ದೆ. ಟೆಟ್ರಾಗೆ ಬೇರೆ ಟ್ಯಾಂಕ್ ಮಾಡ್ತೀನಿ, ಹೆಂಗಿದ್ರೂ ಶ್ರಿಂಪ್ ಮರಿಗಳನ್ನ ಅವು ತಿಂತಾನೇ ಇದ್ವು. ಮತ್ತಿ ಬೇರು ಇನ್ನೊಂದು ಸುತ್ತು ವಿನಿಗರ್ ಆಗಿ, ಟೆಸ್ಟ್ ಖಾಲಿ ಬಂದ್ಮೇಲೆ ಟೆಟ್ರಾ ಟ್ಯಾಂಕಿಗೆ. ಶ್ರಿಂಪಿಗೆ ಸೀಬೆ. ನಮ್ ಬಚ್ಚಲುಮನೆ ಹಿಂದೆ ಗಾಳಿಗೆ ಬಿದ್ದ ಸೀಬೆ ಮರದ ಬುಡ ಹಾಗೇ ಇದೆ, ಪೂರ್ತಿ ಒಣಗಿದೆ, ತೋಟದಿಂದ ಮೇಲಿನ ಜಾಗ, ಅಲ್ಲಿಗೆ ಬೋರ್ಡೋ ಬರಲ್ಲ. ಸ್ಟೀಲ್ ಪಾತ್ರೆ ಮದುವೆ ಮನೆಗೆ ಬಾಡಿಗೆ ಕೊಡೋರ ಹತ್ರ ಕೇಳಿದ್ದೀನಿ.

ಕೊನೇ ಪ್ರಶ್ನೆ, ಜಾವಾ ಮಾಸ್ ಮತ್ತೆ ಅನುಬಿಯಾಸ್ (ದಪ್ಪ ಎಲೆಯ ನೀರು ಗಿಡ) ಮರಕ್ಕೆ ಕಟ್ಟೋದು ದಾರದಲ್ಲಾ, ಗಮ್ಮಲ್ಲಾ?

ಬೆಂಗ್ಳೂರು ಪ್ಲಾಂಟೆಡ್

ಮಾಸ್‌ಗೆ ಹತ್ತಿ ದಾರ, ಅದು ಕೊಳೆಯೋ ಹೊತ್ತಿಗೆ ಮಾಸ್ ಹಿಡ್ಕೊಂಡಿರುತ್ತೆ. ಅನುಬಿಯಾಸ್‌ಗೆ ಸೈನೊಅಕ್ರಿಲೇಟ್ ಗಮ್, ಫೆವಿಕ್ವಿಕ್ ಜೆಲ್ ನಡೆಯುತ್ತೆ, ಒಣಗಿದ್ಮೇಲೆ ಮೀನಿಗೂ ಶ್ರಿಂಪಿಗೂ ತೊಂದ್ರೆ ಇಲ್ಲ. ದಪ್ಪ ಕಾಂಡ ಮಣ್ಣಲ್ಲಿ ಹೂಳ್ಬೇಡಿ, ಕೊಳೆಯುತ್ತೆ. ಬೇರಿಗೆ ಒಂದು ಚುಕ್ಕೆ ಗಮ್ ಸಾಕು, ಮರದ ಆ ಜಾಗ ಮಾತ್ರ ಟಿಶ್ಯೂ ಪೇಪರಲ್ಲಿ ಒತ್ತಿ ಒಣಗಿಸಿ, ತೊಟ್ಟಿಕ್ಕೋ ಮರಕ್ಕೆ ಹಿಡಿಯಲ್ಲ. ಮತ್ತೆ ಮರ ಪೂರ್ತಿ ಮುಳುಗೋ ಹಾಗಾದ ಮೇಲೇ ಗಿಡ ಅಂಟಿಸಿ, ಮಧ್ಯ ತೇಲಿ ಮೇಲೆ ಬಂದ್ರೆ ಒಂದೇ ಮಧ್ಯಾಹ್ನಕ್ಕೆ ಮಾಸ್ ಒಣಗುತ್ತೆ.